ಕಣಿವೆ ನೋಡಬೇಕಿದ್ದ ಎಡಗಣ್ಣು

ಅಮೆರಿಕದ ಆ ಜಗತ್ಪ್ರಸಿದ್ಧ ಕಣಿವೆ ನಮ್ಮ ಮನೆಗೆ ಬಂದದ್ದು ಮಗಳ ಪಾಠಪುಸ್ತಕದೊಳಗೆ. "ಅಪ್ಪಾ, ಇಲ್ಲಿಗೆ ಹೋಗೋಣ" ಎಂದಳು. ಬಾಗಲಗುಂಟೆಯಿಂದ ಮೆಜೆಸ್ಟಿಕ್‌ಗೆ ಹೊರಡಲೂ ಹತ್ತು ಸಲ ಯೋಚಿಸುವ ನಾನು ನಕ್ಕುಬಿಟ್ಟೆ. ಹುಡುಗಿ ಬಿಡಬೇಕಲ್ಲ! ಎರಡು ದಿನ ಹುಡುಕಿ, ಆಂಧ್ರದ ಗಂಡಿಕೋಟದಲ್ಲೂ ಅಂಥದ್ದೇ ಒಂದು ಕಣಿವೆಯಿದೆ, ಬೆಳಗಿನ ಜಾವ ಕಾರು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು ಎಂದು ಪತ್ತೆ ಮಾಡಿದಳು. ಅದನ್ನು ಕೊರೆದದ್ದು ಪೆನ್ನಾರ್ ನದಿ, ಆ ನದಿ ಹುಟ್ಟುವುದು ನಂದಿ ಬೆಟ್ಟದ ಕಡೆ ಎಂದೂ ಓದಿ ಹೇಳಿದಳು.

ಬೆಳ್ಳುಳ್ಳಿ ಸುಲಿಯುತ್ತಿದ್ದ ಅಮ್ಮ ತಲೆ ಎತ್ತಿದಳು. "ನಮ್ಮ ನಂದಿ ಬೆಟ್ಟದ ನೀರಾ? ಅದು ಬಂಡೆ ಕೊರೆಯುತ್ತಾ?"

"ಲಕ್ಷಾಂತರ ವರ್ಷ ಕೊರೀತಾನೇ ಇದೆಯಂತೆ ಅಜ್ಜಿ."

"ಅಷ್ಟು ವರ್ಷ ಅದಕ್ಕೆ ಯಾರೇ ಕೀ ಕೊಟ್ರು?"

ಅಮ್ಮನಿಗೆ ಎಲ್ಲವೂ ಕೀ ಕೊಟ್ಟರೇ ನಡೆಯುವಂಥವು. ಜಾಲಹಳ್ಳಿಯ ಗಡಿಯಾರ ಕಾರ್ಖಾನೆಯಲ್ಲಿ ಬಲಗಣ್ಣಿಗೆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಚಿಕ್ಕ ತಿರುಪುಗಳನ್ನು ಕೂರಿಸುತ್ತಲೇ ನಿವೃತ್ತಳಾದವಳು. ಏನನ್ನಾದರೂ ಗಮನವಿಟ್ಟು ನೋಡುವಾಗ ಎಡಗಣ್ಣು ಮುಚ್ಚುವುದು ಆಗಿನಿಂದ ಅಂಟಿದ ಚಾಳಿ. "ರಿಟೈರ್ ಆದ್ರೂ ಅತ್ತೆ ಕಣ್ಣಿಗೆ ಡ್ಯೂಟಿ ಮುಗಿದಿಲ್ಲ" ಎಂದು ನನ್ನ ಹೆಂಡತಿ ಛೇಡಿಸುತ್ತಿದ್ದಳು. ಮೊಬೈಲಿನಲ್ಲಿ ಕಣಿವೆಯ ಚಿತ್ರಗಳನ್ನೂ ಅಮ್ಮ ಹಾಗೆಯೇ ನೋಡಿದಳು.

"ಫೋಟೋ ಚಪ್ಪಟೆ ಕಣೋ. ಆಳ ಅನ್ನೋದನ್ನ ಅಲ್ಲೇ ನಿಂತು ನೋಡ್ಬೇಕು. ಜೀವಮಾನವಿಡೀ ಚಿಕ್ಕದನ್ನೇ ನೋಡಿದ್ದಾಯ್ತು, ಒಂದ್ಸಲ ದೊಡ್ಡದು ನೋಡ್ಬಿಡ್ತೀನಿ."

ಹಾಗೆ ಆಯುಧ ಪೂಜೆಗೆ ಪ್ರವಾಸ ನಿಗದಿಯಾಯಿತು. ಪೀಣ್ಯದಲ್ಲಿ ನಾನು ಕೆಲಸ ಮಾಡುವ ಶೆಡ್ಡಿನಲ್ಲಿ ಪೂಜೆಯಾದ ಯಂತ್ರಗಳನ್ನು ಎರಡು ದಿನ ಯಾರೂ ಮುಟ್ಟುವುದಿಲ್ಲ. ಅವು ಅರಿಶಿನ ಕುಂಕುಮ ಹಚ್ಚಿಸಿಕೊಂಡು ಸುಮ್ಮನೆ ಕೂತರೆ ಮಾತ್ರ ನಮಗೂ ರಜೆ. ತಯಾರಾದ ಭಾಗಗಳನ್ನು ಅಳೆದು ತಪ್ಪು ಹಿಡಿಯುವುದು ನನ್ನ ಕೆಲಸ. ಅದೇ ಗತ್ತಿನಲ್ಲಿ ತಪಾಸಣೆಯ ಹಾಳೆಯೊಂದರ ಹಿಂಬದಿಗೆ ಪ್ರವಾಸದ ಪಟ್ಟಿ ಬರೆದೆ. ಅಮ್ಮ ತನ್ನ ಪ್ರಶ್ನೆಗಳನ್ನೂ ಅದಕ್ಕೆ ಸೇರಿಸಿದಳು. ಬಂಡೆ ಚಪಾತಿ ಪೇರಿಸಿದ ಹಾಗೆ ಪದರ ಪದರವಾಗಿರುವುದೇಕೆ? ಮೇಲಿನಿಂದ ಕೂಗಿದರೆ ಎದುರು ಗೋಡೆಯಿಂದ ದನಿ ಮರಳಲು ಎಷ್ಟು ಸೆಕೆಂಡು ಬೇಕು? ಎಣಿಸಲೆಂದು ತನ್ನ ಕೈಗಡಿಯಾರಕ್ಕೆ ಹೊಸ ಬೆಲ್ಟು ಹಾಕಿಸಿಕೊಂಡಳು. ನಾನು ಎರಡು ಗೆರೆ ಎಳೆದದ್ದು ಒಂದೇ ಒಂದು ಸಾಲಿನ ಕೆಳಗೆ: ಕಣಿವೆಯ ಅಂಚಿಗೆ ಕಂಬಿ ಇಲ್ಲ.

ಮೂರು ವಾರ ಬಾಕಿಯಿದ್ದ ಒಂದು ಭಾನುವಾರ ಅಮ್ಮ ಕಾಫಿ ಬಗ್ಗಿಸಿದಳು. ಲೋಟ ಇದ್ದಲ್ಲೇ ಇತ್ತು, ಕಾಫಿ ಬಿದ್ದದ್ದು ನನ್ನ ಪಟ್ಟಿಯ ಮೇಲೆ. "ನೋಡ್ಕೊಂಡು ಹಾಕಬಾರದೇನಮ್ಮ!" ಎಂದು ರೇಗಿದೆ. ಒಂದಕ್ಕೆ ಎರಡು ಮಾತು ತಿರುಗಿಸುವ ಅಮ್ಮ ಬಟ್ಟೆ ತಂದು, ಎಡಗಣ್ಣು ಮುಚ್ಚಿಕೊಂಡೇ ಒರೆಸತೊಡಗಿದಳು. ನನಗೆ ಅನುಮಾನ ಬಂತು. ಅವಳ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಮೂರು ಬೆರಳು ಎತ್ತಿ ತೋರಿಸಿ, ಎಷ್ಟು ಎಂದು ಕೇಳಿದೆ.

"ಬೆರಳೆಲ್ಲೋ? ಹೊಗೆ ಇದ್ದಂಗಿದೆ."

ಎಡಗಣ್ಣಿಗೆ ಪೊರೆ ಬಂದು ವರ್ಷವೇ ಆಗಿತ್ತಂತೆ. ಚಾಳಿಯೆಂದು ನಾವು ನಗುತ್ತಿದ್ದಾಗ, ಅದೇ ಚಾಳಿಯ ಹಿಂದೆ ಅವಳು ಕುರುಡಾಗುತ್ತಿದ್ದ ಕಣ್ಣನ್ನು ಅಡಗಿಸಿಟ್ಟುಕೊಂಡಿದ್ದಳು. "ಆಪರೇಷನ್ ಅಂದ್ರೆ ನೀನು ಟ್ರಿಪ್ ಕ್ಯಾನ್ಸಲ್ ಮಾಡ್ತೀಯ ಅಂತ ಹೇಳ್ಲಿಲ್ಲ" ಎಂದಳು. ದೀಪದ ಕೆಳಗೆ ಕತ್ತಲು ಎಂಬುದು ನನಗೇ ಹೇಳಿ ಮಾಡಿಸಿದ ಮಾತು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಭಾಗಗಳನ್ನು ವಾಪಸು ಕಳಿಸುವ ನಾನು, ಹೆತ್ತವಳ ಕಣ್ಣು ನೋಡಿರಲಿಲ್ಲ. ನಾಚಿಕೆಯಾಯಿತು. ಕಂಬಿಯಿಲ್ಲದ ಅಂಚು ನೆನಪಾಗಿ, ಮರುದಿನವೇ ಅವಳನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದೆ.

ಒಂದು ಕಣ್ಣಿನಲ್ಲಿ ಆಳ ಸರಿಯಾಗಿ ತಿಳಿಯುವುದಿಲ್ಲ, ಆಳ ಕಾಣಲು ಎರಡೂ ಬೇಕು ಎಂದು ವೈದ್ಯರು ವಿವರಿಸಿದರು. ದಸರೆಗೆ ಮೊದಲೇ ಶಸ್ತ್ರಚಿಕಿತ್ಸೆ, ಆಮೇಲೆ ಒಂದು ತಿಂಗಳು ಧೂಳು, ದೂರದ ಪ್ರಯಾಣ ಕೂಡದು ಎಂದರು.

"ನೀವು ಮೂವರೂ ಹೋಗ್ಬನ್ನಿ. ನಾನು ಫೋಟೋದಲ್ಲಿ ನೋಡ್ಕೋತೀನಿ" ಎಂದು ಅಮ್ಮ ಮುಖ ತಿರುಗಿಸಿದಳು.

"ಫೋಟೋ ಚಪ್ಪಟೆ ಅಂದೋರು ಯಾರಜ್ಜಿ?" ಎಂದು ಮಗಳೇ ಕೇಳಿದಳು. ಕಾಫಿ ಕಲೆಯ ಪಟ್ಟಿಯಲ್ಲಿದ್ದ ಆಯುಧ ಪೂಜೆಯನ್ನು ಹೊಡೆದು ಸಂಕ್ರಾಂತಿ ಎಂದು ಬರೆದವಳೂ ಅವಳೇ. ಆ ವರ್ಷದ ಆಯುಧ ಪೂಜೆಯಲ್ಲಿ ನಮ್ಮ ಕಾರಿನ ಚಕ್ರಗಳು ನಿಂಬೆಹಣ್ಣುಗಳ ಮೇಲಷ್ಟೇ ಹರಿದವು.

ಶಸ್ತ್ರಚಿಕಿತ್ಸೆಯಾದ ಕಣ್ಣಿನ ಕೊನೆಯ ತಪಾಸಣೆ ಮುಗಿಸಿಕೊಂಡು ನಾನೂ ಅಮ್ಮನೂ ಮೆಟ್ರೋದಲ್ಲಿ ದಾಸರಹಳ್ಳಿಗೆ ಬಂದಿಳಿದೆವು. ತುಮಕೂರು ರಸ್ತೆ ದಾಟುವ ಮೇಲ್ಸೇತುವೆಯ ನಡುವೆ ಅಮ್ಮ ಗಕ್ಕನೆ ನಿಂತು, ಕಂಬಿ ಹಿಡಿದು ಕೆಳಗೆ ಬಗ್ಗಿದಳು. ಎರಡೂ ಕಣ್ಣು ತೆರೆದೇ ಇದ್ದವು. ಲಾರಿಗಳು, ಬಸ್ಸುಗಳು, ಸೇವಂತಿಗೆ ಬುಟ್ಟಿ ಹೊತ್ತ ಹೆಂಗಸು. ಎಷ್ಟೋ ಹೊತ್ತು ನೋಡಿದಳು.

"ಏನೋ ಇದು, ರಸ್ತೆ ಇಷ್ಟು ಕೆಳಗಿತ್ತಾ?"

ಮೆಟ್ಟಿಲಲ್ಲಿ ನಾನು ಕೈ ಹಿಡಿಯಲು ಹೋದಾಗಲೆಲ್ಲ "ನಾನೇನು ಮುದುಕಿನಾ?" ಎಂದು ಕೊಡವಿಕೊಳ್ಳುತ್ತಿದ್ದವಳು ಅವಳು. ಈಗ ತಾನಾಗಿಯೇ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಸಂಕ್ರಾಂತಿಗೆ ಅಲ್ಲೂ ಹಿಂಗೇ ಹಿಡ್ಕೋತೀನಿ" ಎಂದಳು. "ಈಗ ನನಗೆ ಭಯ ಆಗುತ್ತೆ ಕಣೋ, ಆಳ ಕಾಣುತ್ತಲ್ಲ."