ಕೊಟ್ಟಿಗೆ ದಾರಿಯ ಹುಲ್ಲು

ನಮ್ಮವರಿಗೆ ಸಾವಯವದ ಹುಚ್ಚು ಹಿಡಿದದ್ದು ನಿವೃತ್ತಿಯಾದ ಮೇಲೆ. ದಾವಣಗೆರೆಯ ನಮ್ಮ ಮನೆಯ ತಾರಸಿಯಲ್ಲಿ ಬಕೆಟ್ಟು, ಡ್ರಮ್ಮು, ಒಡೆದ ಸಿಂಕು, ಎಲ್ಲದರಲ್ಲೂ ಏನೋ ಒಂದು ಹಸಿರು. ಬಟ್ಟೆ ಒಣಹಾಕಬೇಕಾದರೆ ನಾನು ಕುಂಬಳಬಳ್ಳಿಯ ಅಪ್ಪಣೆ ಕೇಳಬೇಕು. ಇಂಥವರು ತಾವಾಗಿಯೇ ಶೃಂಗೇರಿಗೆ ಹೋಗೋಣ ಎಂದಾಗಲೇ ನನಗೆ ಅನುಮಾನ ಬರಬೇಕಿತ್ತು. ದರ್ಶನ, ಊಟ, ತುಂಗೆಯ ಮೀನಿಗೆ ಮಂಡಕ್ಕಿ, ಎಲ್ಲ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬಂದಾಗ ವಿಷಯ ಹೊರಬಿತ್ತು.

"ಸೀತೂರಿನ ಹತ್ತಿರ ಒಂದು ಸಾವಯವ ತೋಟ ಇದೆ ಕಣೇ. ಫೋನಲ್ಲಿ ಮಾತಾಡಿಬಿಟ್ಟಿದ್ದೀನಿ. ಇವತ್ತು ಅಲ್ಲೇ ಉಳಿಯೋದು."

"ನಮ್ಮ ತಾರಸಿ ಸಾಲದಾ ನಿಮಗೆ?" ಅಂದೆ. ಅಷ್ಟರಲ್ಲಿ ಅವರು ಬಸ್ಸು ಹತ್ತಿ ನನಗೂ ಸೀಟು ಹಿಡಿದಾಗಿತ್ತು.

ತೋಟದವರು ರಸ್ತೆಗೇ ಬಂದು ಕಾಯುತ್ತಿದ್ದರು. ಹಸನ್ಮುಖಿ, ಒಳ್ಳೆಯ ಮಾತುಗಾರ, ಕಾಲಿಗೆ ಚಪ್ಪಲಿ ಇಲ್ಲ. "ಚಪ್ಪಲಿ ಇಲ್ಲೇ ಬಿಡಿ. ಮಣ್ಣಿಗೂ ನಮಗೂ ಮಧ್ಯೆ ಪ್ಲಾಸ್ಟಿಕ್ ಎಂತಕ್ಕೆ ಮಾರಾಯ್ರೆ?" ಎಂದರು. ನಮ್ಮವರು ಗುಡಿಯ ಮುಂದೆ ಬಿಟ್ಟ ಹಾಗೆ ಭಕ್ತಿಯಿಂದ ಬಿಟ್ಟರು. ನಾನು ಮಂಡಿನೋವು ಎಂದು ಸುಳ್ಳು ಹೇಳಿ ಉಳಿಸಿಕೊಂಡೆ.

ಆ ತೋಟದಲ್ಲಿ ಕಳೆ ಕೀಳುವ ಹಾಗಿಲ್ಲ, ಕೊಯ್ಯುವ ಹಾಗೂ ಇಲ್ಲ. "ಹುಲ್ಲು ಅಂದ್ರೆ ಭೂಮಿತಾಯಿಯ ಸೀರೆ. ಅದನ್ನು ಎಳೀಬಾರ್ದು" ಎನ್ನುವುದು ಅವರ ಸಿದ್ಧಾಂತ. ಆ ಸೀರೆ ನನ್ನ ಮಂಡಿಯ ತನಕ ಇತ್ತು. ಕಾಫಿ, ಮೆಣಸು, ಬಾಳೆ ಎಲ್ಲವೂ ಸೊಂಪಾಗಿತ್ತು, ಅದನ್ನು ಇಲ್ಲ ಅನ್ನಬಾರದು. ಆದರೆ ಉಂಬಳ, ಅದೇ ನಮ್ಮ ಕಡೆಯ ಜಿಗಣೆ, ಎಲ್ಲಕ್ಕಿಂತ ಸೊಂಪಾಗಿತ್ತು. ಒಂದು ಸುತ್ತು ಮುಗಿಯುವಷ್ಟರಲ್ಲಿ ಅವು ನಮ್ಮವರ ಕಾಲಿಗೆ ಅಂಟಿಕೊಂಡು ರಕ್ತ ಕುಡಿದು ಗುಂಡಗಾಗಿದ್ದವು.

"ಉಪ್ಪು ಕೊಡಿ ಸ್ವಲ್ಪ, ಉದುರಿಸೋಣ" ಎಂದೆ. ತೋಟದವರು ಬೆಚ್ಚಿಬಿದ್ದರು. "ಅಯ್ಯಯ್ಯೋ, ಉಪ್ಪು ಅಂಗಳಕ್ಕೂ ತರಕ್ಕಿಲ್ಲ! ಎರೆಹುಳಕ್ಕೆ ಆಗೂದಿಲ್ಲ." ಹೀಗೆಂದವರೇ ಒಂದೊಂದು ಉಂಬಳವನ್ನೂ ಮೃದುವಾಗಿ ಬಿಡಿಸಿ ಮತ್ತೆ ಹುಲ್ಲಿಗೇ ಬಿಟ್ಟರು. ನಮ್ಮವರು ರಕ್ತ ಸೋರಿಸಿಕೊಂಡೇ "ಎಂಥಾ ಜೀವಪ್ರೀತಿ!" ಎಂದರು.

ಅಂಗಳಕ್ಕೆ ಬಂದಾಗ ಮನೆಯಾಕೆ ಕಾಲು ತೊಳೆಯಲು ನೀರು ಕೊಟ್ಟಳು. ಗಂಡ ಆಚೆ ತಿರುಗಿದ್ದೇ ತಡ, ಸೊಂಟದಿಂದ ಒಂದು ಪುಟ್ಟ ಬಟ್ಟೆಗಂಟು ತೆಗೆದು ನನ್ನ ಕೈಗೆ ತುರುಕಿದಳು. ಒಳಗೆ ಉಪ್ಪು! "ಇವ್ರಿಗೆ ಹೇಳ್ಬೇಡಿ ಅಕ್ಕಾ" ಎಂದಳು. ನನ್ನ ಕಾಲಿಗೆ ಅಂಟಿದ್ದ ಒಂದೆರಡಕ್ಕೆ ಉದುರಿಸಿ ಗಂಟನ್ನು ಹಿಂದಕ್ಕೆ ಕೊಟ್ಟೆ. ನನಗೆ ಅವಳು ಅಲ್ಲೇ ಇಷ್ಟವಾಗಿಬಿಟ್ಟಳು.

ಬಂದವರು ಒಂದಾದರೂ ಕೆಲಸ ಮಾಡಿ ಹೋಗಬೇಕು ಎನ್ನುವುದು ಆ ತೋಟದ ಪದ್ಧತಿ. ಕಾಫಿಯಾದ ಮೇಲೆ ಗಂಡಸರಿಬ್ಬರೂ ಜೀವಾಮೃತ ಕಲಸಲು ಹೋದರು. ಸಗಣಿ, ಗಂಜಲ, ಬೆಲ್ಲ ಎಲ್ಲ ಡ್ರಮ್ಮಿಗೆ ಹಾಕಿ ಕೋಲಿನಲ್ಲಿ ತಿರುವುವುದು. ಮನೆಯಲ್ಲಿ ತಮ್ಮ ಕಾಫಿಗೆ ತಾವೇ ಸಕ್ಕರೆ ಕಲಸಿಕೊಳ್ಳದ ಮಹಾನುಭಾವರು ಅಲ್ಲಿ ಬೆವರು ಸುರಿಸಿ ತಿರುವುತ್ತಿದ್ದರು. ನಾನು ಮೂಗು ಮುಚ್ಚಿಕೊಂಡು ಅಡುಗೆಮನೆ ಸೇರಿದೆ.

ಮನೆಯಾಕೆ ಹಿಂಬಾಗಿಲು ತೆರೆದು ತೋರಿಸಿದಳು. ಆಚೆ ಕೊಟ್ಟಿಗೆಯ ಮಾಡು ಕಾಣುತ್ತಿತ್ತು. ಮಧ್ಯೆ ದಾರಿ ಎಂಬುದೇ ಇಲ್ಲ, ಬರೀ ಹುಲ್ಲು.

"ಬೆಳಿಗ್ಗೆ ಹಾಲು ಕರೆಯಕ್ಕೆ ಇದ್ರಲ್ಲೇ ಹೋಗ್ಬೇಕು ಅಕ್ಕಾ. ಇನ್ನೂ ಮಬ್ಬು ಇರ್ತದೆ. ಮೊನ್ನೆ ಕಾಲ ಹತ್ರಾನೇ ಸರಕ್ಕಂತ ಹೋಯ್ತು. ಎಂತ ಹಾವು ಅಂತ ನೋಡಕ್ಕೂ ಧೈರ್ಯ ಬರ್ಲಿಲ್ಲ. ಈಗ ದಿನಾ ಹೊಸ್ತಿಲು ದಾಟೂವಾಗ ಎದೆ ಹೊಡ್ಕೊಳ್ತದೆ."

"ನಿಮ್ಮವರಿಗೆ ಹೇಳಬಾರದಾ?"

"ಹೇಳ್ದೆ. ಹಾವು ಬಂದ್ರೆ ತೋಟ ಆರೋಗ್ಯವಾಗಿದೆ ಅಂತ ಅರ್ಥ ಅಂತೆ. ಖುಷಿಪಟ್ರು."

ನನಗೆ ಮೈಯೆಲ್ಲ ಉರಿದುಹೋಯಿತು. ಕಚ್ಚಿದ ಮೇಲೆ ಇನ್ನೆಷ್ಟು ಖುಷಿಪಡುತ್ತಾನೋ ಆಸಾಮಿ! "ನೀವೇ ಕೊಯ್ದು ಬಿಸಾಕಿ" ಎಂದೆ.

"ನಾ ಕೊಯ್ದ್ರೆ ತಿಂಗ್ಳುಗಟ್ಲೆ ಮಾತು ಬಿಡ್ತಾರೆ. ಕತ್ತಿ ಕೂಡ ಅಟ್ಟದ ಮೇಲೆ ಹಾಕಿಟ್ಟಿದಾರೆ." ಆಮೇಲೆ ಹಲಸಿನಬೀಜ ಸುಲಿಯುತ್ತಾ, ಯಾರಿಗೋ ಹೇಳಿದ ಹಾಗೆ ಹೇಳಿದಳು, "ಮನೆಗೆ ಬಂದೋರಿಗೆ ಮಾತ್ರ ಅವ್ರು ಒಂದು ಮಾತೂ ಅನ್ನೂದಿಲ್ಲ."

ನೋಡುತ್ತೇನೆ, ಅಟ್ಟದ ಮೇಲಿರಬೇಕಾದ ಕತ್ತಿ ಹೊಸ್ತಿಲ ಪಕ್ಕದಲ್ಲಿತ್ತು. ಆಗಲೇ ಮಸೆದಿಟ್ಟದ್ದು, ಅಂಚು ಹೊಳೆಯುತ್ತಿತ್ತು.

ನಾನೂ ಹಳ್ಳಿಯಲ್ಲಿ ಹುಟ್ಟಿದವಳೇ. ಸೆರಗು ಸಿಕ್ಕಿಸಿ ಕೂತೆ. ಮಂಡಿನೋವಿನ ನೆನಪೂ ಬರಲಿಲ್ಲ. ಮೊದಲು ಅವಳ ಹಾವಿಗಾಗಿ ಕೊಯ್ದೆ, ಆಮೇಲೆ ನಮ್ಮ ತಾರಸಿಯ ಕುಂಬಳಬಳ್ಳಿಯನ್ನು ನೆನೆನೆನೆದು ಕೊಯ್ದೆ. ಹಾಗೆ ನೆನೆದ ಮೇಲೆ ಕೈ ಬಹಳ ಚುರುಕಾಯಿತು. ಕೊಟ್ಟಿಗೆಯ ಬಾಗಿಲು ಮುಟ್ಟಿ ಹಿಂತಿರುಗಿ ನೋಡಿದರೆ ಬೈತಲೆ ತೆಗೆದ ಹಾಗೆ ದಾರಿ ನೇರವಾಗಿ ಬಿದ್ದುಕೊಂಡಿತ್ತು. ಬಹಳ ದಿನದ ಮೇಲೆ ಅಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಗಂಡಸರು ಬಂದರು. ತೋಟದವರು ನಿಂತಲ್ಲೇ ನಿಂತರು. "ಇದು..." ಎಂದರು.

ಮನೆಯಾಕೆ ಹಿಂಬಾಗಿಲಿಗೆ ಓಡಿಬಂದು ಗಲ್ಲದ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ! ನಾ ಬೇಡ ಬೇಡ ಅಂದೆ. ಪೇಟೆಯೋರು, ಕೇಳ್ಬೇಕಲ್ಲ!"

ಎಲಾ ಇವಳಾ! ಕಣ್ಣೂ ಮಿಟುಕಿಸಲಿಲ್ಲ. ಕತ್ತಿ ಹಿಡಿದುಕೊಂಡು ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ನಿಜ ಹೇಳಲು ಬಾಯಿ ತೆರೆದವಳು ಅವಳ ಮುಖ ನೋಡಿ ಮುಚ್ಚಿಕೊಂಡೆ.

"ಪರವಾಗಿಲ್ಲ ಅಕ್ಕಾ" ಎಂದರು ತೋಟದವರು, ಕಷ್ಟಪಟ್ಟು ನಕ್ಕು. "ನಿಮಗೆ ಗೊತ್ತಾಗ್ಲಿಲ್ಲ." ಕೊಯ್ದ ಹುಲ್ಲನ್ನೆಲ್ಲ ಬಾಚಿ ತಬ್ಬಿಕೊಂಡು ಹೋಗಿ ಬಾಳೆಯ ಬುಡಕ್ಕೆ ಹಾಸಿದರು. ರಾತ್ರಿ ಊಟಕ್ಕೆ ಕೂತಾಗಲೂ ಮಾತು ಕಡಿಮೆ. ನಮ್ಮವರಂತೂ ನನ್ನನ್ನು ಗುರುದ್ರೋಹಿಯನ್ನು ನೋಡಿದ ಹಾಗೆ ನೋಡುತ್ತಿದ್ದರು. ಪಾಪ, ಅನ್ನಿಸಿತು ನನಗೂ. ಮನುಷ್ಯ ಒಳ್ಳೆಯವರೇ.

ಬೆಳಗಿನ ಮಬ್ಬಿನಲ್ಲಿ ನಾನು ನೀರು ಕುಡಿಯಲೆಂದು ಅಡುಗೆಮನೆಗೆ ಹೋದಾಗ ಹಿಂಬಾಗಿಲು ತೆರೆದಿತ್ತು. ಮನೆಯಾಕೆ ಹಾಲಿನ ಚೊಂಬು ಹಿಡಿದು ಕೊಟ್ಟಿಗೆಯಿಂದ ಬರುತ್ತಿದ್ದಳು. ಕಾಲ ಕಡೆ ನೋಡಲೇ ಇಲ್ಲ. ತಲೆಯೆತ್ತಿ, ಏನೋ ಗುನುಗಿಕೊಂಡು ಬರುತ್ತಿದ್ದಳು.

ಅವಳ ಹಿಂದೆ, ಅದೇ ದಾರಿಯಲ್ಲಿ, ಕೈ ಬೀಸಿಕೊಂಡು ಹಾಯಾಗಿ ತೋಟದವರೂ ಬರುತ್ತಿದ್ದರು! ಬಾಗಿಲಲ್ಲಿ ನನ್ನನ್ನು ಕಂಡದ್ದೇ ತಟ್ಟನೆ ಪಕ್ಕದ ಹುಲ್ಲಿಗೆ ಇಳಿದರು. "ಇಬ್ಬನಿ ತುಳಿದ್ರೆ ಕಣ್ಣಿಗೆ ಒಳ್ಳೇದು ಅಕ್ಕಾ" ಎನ್ನುತ್ತಾ ಉಳಿದಷ್ಟು ದೂರವನ್ನು ಹುಲ್ಲಿನಲ್ಲೇ ನಡೆದು ಬಂದರು.

ಮೆಟ್ಟಿಲ ಮೇಲೆ ಕೂತು ಕಾಲು ನೋಡಿಕೊಂಡರೆ ಹಿಮ್ಮಡಿಯ ಮೇಲೆ ಒಂದು ಉಂಬಳ, ಚೆನ್ನಾಗಿ ಕಚ್ಚಿಕೊಂಡಿತ್ತು. ಅವರು ಎರಡು ಬಾರಿ ಎಳೆದರು, ಬರಲಿಲ್ಲ. ಮನೆಯಾಕೆ ಚೊಂಬು ಕೆಳಗಿಟ್ಟಳು. ಸೊಂಟದ ಗಂಟು ಬಿಚ್ಚಿ ಗಂಡನ ಮುಂದೆ ಹಿಡಿದಳು.

ಅವರು ಗಂಟನ್ನು ನೋಡಿದರು, ಅವಳನ್ನು ನೋಡಿದರು. ಆಮೇಲೆ ಒಳಗೆ ನಮ್ಮವರು ಎದ್ದಿಲ್ಲ ತಾನೇ ಎಂದು ನನ್ನನ್ನು ಸನ್ನೆಯಲ್ಲೇ ಕೇಳಿ, ಒಂದು ಚಿಟಿಕೆ ಉಪ್ಪು ತೆಗೆದುಕೊಂಡರು.