ಹೆಸರು ಬೇಡಿದ ಗಾರ್ಡನ್

ಪಾಲಿಕೆಯ ಉದ್ಯಾನ ವಿಭಾಗದಲ್ಲಿ ನಾನು ಗುಮಾಸ್ತನಾಗಿದ್ದಾಗ ನನ್ನ ಮೇಜಿಗೆ ಬರುತ್ತಿದ್ದ ಫೈಲುಗಳಲ್ಲಿ ಹೆಚ್ಚಿನವು ಸತ್ತವರವು. ಈ ರಸ್ತೆಗೆ ನಮ್ಮ ತಂದೆಯ ಹೆಸರಿಡಿ, ಆ ಚೌಕಕ್ಕೆ ನಮ್ಮ ಅಜ್ಜನ ಹೆಸರಿಡಿ ಎಂಬ ಅರ್ಜಿಗಳು. ಅರ್ಜಿ ಓದಿದರೆ ಸತ್ತವರೆಲ್ಲ ಸಮಾಜಸೇವಕರೇ. ಆದರೆ ಸಾರ್ವಜನಿಕ ಶೌಚಾಲಯಕ್ಕೆ ಅಪ್ಪನ ಹೆಸರಿಡಿ ಎಂದು ಒಬ್ಬ ಮಗನೂ ಬರೆದದ್ದನ್ನು ನಾನು ಕಾಣೆ. ನಮ್ಮ ಆಫೀಸಿನಲ್ಲಿ ಒಂದು ನಿಯಮ ಮಾತ್ರ ಗಟ್ಟಿಯಾಗಿತ್ತು. ಬದುಕಿರುವವರ ಹೆಸರು ಇಡುವಂತಿಲ್ಲ, ಮರಣದ ದಾಖಲೆ ಇಲ್ಲದೆ ಫೈಲು ಮುಂದೆ ಹೋಗುವಂತಿಲ್ಲ.

ಆ ನಿಯಮವನ್ನು ದ್ರೌಪದಿಗೆ ಹೇಳಿಕೊಟ್ಟವನು ನಾನೇ. ಹೇಳಬಾರದಿತ್ತು ಎಂದು ಈಗಲೂ ಅನ್ನಿಸುತ್ತದೆ.

ದ್ರೌಪದಿ ಠಾಣೆ ಪಕ್ಕದ ಐರೋಲಿಯಲ್ಲಿ ನಮ್ಮ ಹೊಸ ಗಾರ್ಡನ್ ಗುಡಿಸಿ, ಗಿಡಗಳಿಗೆ ನೀರು ಬಿಡುತ್ತಿದ್ದ ಹೆಂಗಸು. ಕಲಬುರಗಿ ಕಡೆಯ ಚಿತ್ತಾಪುರದ ಹತ್ತಿರದವಳು. ವಯಸ್ಸು ನಲವತ್ತು ದಾಟಿತ್ತು. ಹಣೆಯಲ್ಲಿ ಕಾಸಗಲ ಕುಂಕುಮ, ಎರಡೂ ಕೈ ತುಂಬ ಹಸಿರು ಬಳೆ. ಒಂದು ಬಳೆ ಒಡೆದರೆ ಅದೇ ದಿನ ಸಂಜೆ ಹೊಸದು ತೊಟ್ಟುಕೊಳ್ಳುತ್ತಿದ್ದಳು. ಕೆಲಸಕ್ಕೆ ಸೇರಿದ ದಿನ ನಾನು ಫಾರ್ಮು ತುಂಬುತ್ತಾ ಗಂಡನ ಹೆಸರು ಕೇಳಿದೆ. ಸೆರಗು ಬಾಯಿಗೆ ಇಟ್ಟುಕೊಂಡು ರೇಶನ್ ಕಾರ್ಡು ಮುಂದೆ ಚಾಚಿದಳು. ಅದರಲ್ಲಿ ಅಂಬಾದಾಸ ಎಂದಿತ್ತು.

"ಇದು ಸರ್ಕಾರಿ ಫಾರ್ಮು ಮಾರಾಯ್ತಿ. ಬಾಯಲ್ಲಿ ಹೇಳಿದ್ರೆ ಏನಾಗ್ತದೆ?" ಎಂದೆ.

"ಗಂಡನ ಹೆಸರು ಹ್ಯಾಂಗ ಹೇಳ್ಬೇಕ್ರೀ ಸಾಹೇಬ್ರ? ಲಗ್ನದಾಗ ಒಡಪಿನ್ಯಾಗ ಒಮ್ಮೆ ಹೇಳೀನಿ. ಅಷ್ಟೇ."

ಗಂಡ ಎಲ್ಲಿದ್ದಾನೆ ಎಂದರೆ ಸೂರತ್‌ನಲ್ಲಿ ಎನ್ನುತ್ತಿದ್ದಳು. ಅವನು ಹೋಗಿ ಏಳು ವರ್ಷವಾಗಿತ್ತು. ಒಂದು ಕಾಗದವೂ ಬಂದಿರಲಿಲ್ಲ. ಜೊತೆಯ ಹೆಂಗಸರು ಬೆನ್ನ ಹಿಂದೆ ಅವಳನ್ನು 'ಓಡಿಹೋದವನ ಹೆಂಡತಿ' ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬೀಳುತ್ತಿತ್ತು. ಒಂದು ದಿನ ಬರುತ್ತಾನೆ, ಬಂದಾಗ ಬರಿಗೈಯಲ್ಲಿ ಅವನೆದುರು ನಿಲ್ಲಬಾರದು ಎಂದೇ ಆ ಬಳೆಗಳು.

ಸಾವಿರದ ಒಂಬೈನೂರ ತೊಂಬತ್ತಾರರ ದೀಪಾವಳಿಯ ಹೊತ್ತಿಗೆ ಗಾರ್ಡನ್ ಸಿದ್ಧವಾಯಿತು. ಆ ಭಾಗದಿಂದ ಪಾಲಿಕೆಗೆ ಆರಿಸಿಬಂದ ನಗರಸೇವಕರಿಗೆ ಅಲ್ಲಿ ತಮ್ಮ ತೀರಿಹೋದ ತಂದೆಯ ಹೆಸರು ಬೇಕಿತ್ತು. ಹೆಸರಿನ ಕಲ್ಲು ನಿಲ್ಲಿಸಲು ಹಿಂದಿನ ಮೂಲೆಯಲ್ಲಿ, ಸಮುದ್ರದ ನೀರು ಒಳಗೆ ಬರುವ ಖಾಡಿಯ ಕಡೆಗೆ, ಸೊಂಟದ ಆಳದ ಗುಂಡಿ ತೋಡಿಸಿದೆವು. ಅಂದಿನಿಂದ ಆ ಸದ್ದು ಶುರುವಾಯಿತು.

ಸಂಜೆ ನಾಲ್ಕು ಗಂಟೆ. ಬಿಸಿಲು ಇನ್ನೂ ಚೆನ್ನಾಗಿರುವ ಹೊತ್ತು. ತುಂಬ ಅತ್ತು ದಣಿದ ಕೂಸು ಕೊನೆಗೆ ಬಿಕ್ಕುತ್ತದಲ್ಲ, ಹಾಗೆ ಗುಂಡಿಯೊಳಗಿನಿಂದ ಬರುತ್ತಿತ್ತು. ಬಿಕ್ಕು, ಸ್ವಲ್ಪ ಮೌನ, ಮತ್ತೆ ಬಿಕ್ಕು. ಮೊದಲ ದಿನ ನಾನು ಗುಂಡಿಗೆ ಇಳಿದು ಕೈಯಿಟ್ಟು ನೋಡಿದೆ. ಬರೀ ಮುರುಮ ಮಣ್ಣು. ಮೈಗೆಲ್ಲ ಬಿಸಿಲು ತಾಗುತ್ತಿದ್ದರೂ ಅಂಗೈ ಮಾತ್ರ ತಣ್ಣಗಾಯಿತು. ನನಗೆ ಭಯವಾಯಿತು, ಸುಳ್ಳು ಯಾಕೆ ಹೇಳಲಿ. ವಾರದೊಳಗೆ ತಾಯಂದಿರು ಮಕ್ಕಳನ್ನು ಅಲ್ಲಿಗೆ ಕರೆತರುವುದನ್ನು ಬಿಟ್ಟರು. ಜಾರುಬಂಡೆಯ ಮೇಲೆ ಧೂಳು ಕೂತಿತು.

ನಮ್ಮ ಇಂಜಿನಿಯರ್ ಲೀಲಾಧರ ನಕ್ಕುಬಿಟ್ಟರು. "ಸಮುದ್ರ ಉಕ್ಕಿ ಖಾಡಿಗೆ ಭರತಿ ಬಂದಾಗ ಹಳೇ ಗಟಾರದೊಳಗೆ ಗಾಳಿ ಒತ್ತುತ್ತೆ ಸುದರ್ಶನ್. ಅಷ್ಟೇ ವಿಷಯ."

ನನಗೂ ಅದನ್ನೇ ನಂಬುವ ಆಸೆ. ಡೊಂಬಿವಲಿಯಿಂದ ಠಾಣೆಗೆ ಬರುವ ಲೋಕಲ್‌ನಲ್ಲಿ ಮರಾಠಿ ಪೇಪರು ಬಿಡಿಸಿ, ಅದರ ಮೂಲೆಯಲ್ಲಿ ಅಚ್ಚಾಗುವ ಭರತಿಯ ಸಮಯವನ್ನು ದಿನಾ ಗುರುತು ಹಾಕಿಕೊಂಡೆ. ಭರತಿ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಮುಂದೆ ಹೋಗುತ್ತಿತ್ತು. ಅಳುವಿನ ಹೊತ್ತು ಸರಿಯುತ್ತಿರಲಿಲ್ಲ. ಹದಿನೈದು ದಿನವೂ ಸರಿಯಾಗಿ ನಾಲ್ಕಕ್ಕೇ ಬಂತು. ಆಮೇಲೆ ನಾನು ಪೇಪರು ಕೊಳ್ಳುವುದನ್ನು ನಿಲ್ಲಿಸಿದೆ.

"ಇದು ಭರತಿ ಅಲ್ರೀ ಸಾಹೇಬ್ರ," ಎಂದಳು ದ್ರೌಪದಿ. "ಹೆಸರು ಬೇಡ್ಲಕತ್ತದ."

ಅದು ಅವಳ ಊರಿನ ಪದ್ಧತಿಯಂತೆ. ತೊಟ್ಟಿಲಿನ ಕೂಸು ಏನು ಮಾಡಿದರೂ ಅಳು ನಿಲ್ಲಿಸದಿದ್ದರೆ ಅದು ಹೆಸರು ಬೇಡುತ್ತಿದೆ ಎಂದು ತಿಳಿಯುತ್ತಾರೆ. ಮನೆಯ ಹಿರಿಯಳು ತೊಟ್ಟಿಲ ಪಕ್ಕ ಕೂತು ವಂಶದಲ್ಲಿ ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾಳೆ. ಯಾವ ಹೆಸರಿಗೆ ಕೂಸು ಸುಮ್ಮನಾಗುತ್ತದೋ ಅವರೇ ತಿರುಗಿ ಬಂದಿದ್ದಾರೆ ಎಂದು ಆ ಹೆಸರನ್ನೇ ಇಡುತ್ತಾರೆ.

"ಹಾಗಾದ್ರೆ ನಗರಸೇವಕರ ಅಪ್ಪನ ಹೆಸರು ಹೇಳಿ ನೋಡು. ಕಲ್ಲೂ ಕೆತ್ತಿ ಆಗಿದೆ," ಎಂದೆ ತಮಾಷೆಗೆ.

ಅವಳು ತಮಾಷೆ ಅಂದುಕೊಳ್ಳಲಿಲ್ಲ. ಮಾರನೆಯ ದಿನ ನಾಲ್ಕಕ್ಕೆ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಆ ಹೆಸರನ್ನು ಮೂರು ಸಲ ಗಟ್ಟಿಯಾಗಿ ಹೇಳಿದಳು. ಅಳು ಜಾಸ್ತಿಯಾಯಿತು.

ಅಂದಿನಿಂದ ಅವಳು ತನಗೆ ಗೊತ್ತಿದ್ದ ಸತ್ತವರನ್ನು ಕರೆಯತೊಡಗಿದಳು. ಗಾರ್ಡನ್ ಸುತ್ತಲಿನ ಸೆಕ್ಟರ್ ಕಟ್ಟುವಾಗ ಪರಾಂಚಿಯ ಬಿದಿರು ಅಟ್ಟದಿಂದ ಬಿದ್ದ ಮಾಪಣ್ಣ. ಕರೆಂಟು ಹೊಡೆದು ಹೋದ ವಿಠಲ. ಜೋಪಡಿಯಲ್ಲಿ ಜ್ವರಕ್ಕೆ ಸತ್ತ ಬಾಣಂತಿ ನಾಗವೇಣಿ, ಹೆಸರಿಡುವ ಮೊದಲೇ ಹೋದ ಅವಳ ಕೂಸು. ದಿನಕ್ಕೆ ನಾಲ್ಕೈದು ಹೆಸರು. ಬೀಜಾಪುರದವರು, ರಾಯಚೂರಿನವರು. ಇಷ್ಟು ವರ್ಷ ಹೆಸರಿನ ಫೈಲುಗಳನ್ನು ನೋಡಿದ ನನಗೆ ಇವರಲ್ಲಿ ಒಬ್ಬರ ಹೆಸರೂ ಗೊತ್ತಿರಲಿಲ್ಲ. ಅವರು ಕಟ್ಟಿದ ಬಿಲ್ಡಿಂಗುಗಳ ನಂಬರು ಮಾತ್ರ ಗೊತ್ತಿತ್ತು. ಅದಕ್ಕೆ ನಾಚಿಕೆಯಾಯಿತು.

ಡಿಸೆಂಬರ್ ಮುಗಿಯುವ ಹೊತ್ತಿಗೆ ಅವಳ ಬಳಿ ಹೆಸರುಗಳು ಮುಗಿದವು. ಅಳು ನಿಲ್ಲಲಿಲ್ಲ. ಕಲ್ಲು ನಿಲ್ಲಿಸಲು ಕೂಲಿಯವರು ಒಪ್ಪುತ್ತಿರಲಿಲ್ಲ, ಮೇಲಿನವರು ನನ್ನನ್ನು ಬೈಯುತ್ತಿದ್ದರು. ಆ ಸಿಟ್ಟಿನಲ್ಲಿ ನನ್ನ ನಾಲಿಗೆ ಜಾರಿತು.

"ಒಂದು ಹೆಸರು ಬಾಕಿ ಇಟ್ಟಿದ್ದೀಯಲ್ಲ ದ್ರೌಪದಿಬಾಯಿ. ಅದನ್ನೂ ಹೇಳಿ ಮುಗಿಸು."

"ಅವರು ಸೂರತ್‌ದಾಗ ಅದಾರ್ರೀ," ಎಂದಳು. ಆಮೇಲೆ ಎಂಟು ದಿನ ನನ್ನೊಡನೆ ಮಾತಾಡಲಿಲ್ಲ. ಆಡಿದ ಮಾತು, ಒಡೆದ ಮುತ್ತು. ತಿರುಗಿ ತೆಗೆದುಕೊಳ್ಳುವ ದಾರಿ ನನಗೂ ಇರಲಿಲ್ಲ.

ಒಂಬತ್ತನೆಯ ದಿನ ಅವಳೇ ಬಂದು ನನ್ನನ್ನು ಗುಂಡಿಯ ಬಳಿಗೆ ಕರೆದಳು. ಜೊತೆಯಲ್ಲಿ ಮಗಳು ಭಾಗ್ಯಾ ಇದ್ದಳು. ಹದಿನೆಂಟರ ಹುಡುಗಿ, ಇಲ್ಲೇ ಹುಟ್ಟಿದವಳು. ನಾಲ್ಕಾಗಲು ಇನ್ನೂ ಸ್ವಲ್ಪ ಹೊತ್ತಿತ್ತು.

"ಇದು ಮದಲ ತೆಗ್ಗು ಇತ್ರೀ ಸಾಹೇಬ್ರ. ಖಾಡಿ ನೀರು ನಿಂದರ್ತಿತ್ತು. ಡಂಪರ್‌ನ್ಯಾಗ ಮುರುಮ ತಂದು ತುಂಬ್ಸತಿದ್ರು. ಭಾಗ್ಯಾನ ಅಪ್ಪ ಕೆಳಗಿಳಿದು ಮಣ್ಣು ಸರಿ ಮಾಡ್ತಿದ್ರು. ನಾಲ್ಕಕ್ಕ ನಾ ಚಾ ತಗೊಂಡು ಬಂದೆ. ಕಾಣ್ಲಿಲ್ಲ. ದಂಡಿ ಮ್ಯಾಲ ನಿಂತು ಭಾಗ್ಯಾನ ಅಪ್ಪಾ, ಭಾಗ್ಯಾನ ಅಪ್ಪಾ ಅಂತ ಒದರಿದೆ. ಕೂಲ್ಯಾರನ್ನ ನೋಡ್ಕೊಳ್ಳೋ ಮುಕಾದಮ ನಕ್ಕ. ಇಲ್ಲಿ ಎಲ್ಲಾರೂ ಯಾರದೋ ಅಪ್ಪನೇ ಅದಾರ, ಹೆಸರು ಹಿಡಿದು ಕರಿ ಬಾಯಿ ಅಂದ. ಅಷ್ಟು ಗಂಡಸರ ಮುಂದ ಹ್ಯಾಂಗ ಕರೀಲಿ? ಸುಮ್ನ ನಿಂತೆ. ಅಷ್ಟ್ರಾಗ ಇನ್ನೊಂದು ಡಂಪರ್ ಬಂದು ಸುರೀತು. ಮರುದಿನ ಮುಕಾದಮನೇ ಹೇಳಿದ, ನಿನ್ನ ಗಂಡ ಸೂರತ್ ಗ್ಯಾಂಗ್ ಜೋಡಿ ಹ್ವಾದ ಅಂತ."

ಸದ್ದು ಶುರುವಾಯಿತು. ಹೇಳಬೇಡ ಎಂದು ಭಾಗ್ಯಾ ತಾಯಿಯ ತೋಳು ಹಿಡಿದು ಎಳೆದಳು. "ಆಈ, ನಕೋ. ಮತ್ ಬೋಲ್ ನಾ." ಅವಳಿಗೂ ಗೊತ್ತಿತ್ತು. ಆ ಹೆಸರಿಗೆ ಅಳು ನಿಂತರೆ ಅಪ್ಪ ಇನ್ನು ಬರುವುದಿಲ್ಲ.

ದ್ರೌಪದಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಗಂಡನ ಹೆಸರು ಹೆಣೆದು ಮದುವೆಯ ದಿನ ಹೇಳಿದ್ದ ಒಡಪನ್ನು ಮದುವಣಗಿತ್ತಿಯ ಸಣ್ಣ ದನಿಯಲ್ಲೇ ಹೇಳತೊಡಗಿದಳು.

"ತಾಟಿನ್ಯಾಗ ಜ್ವಾಳದ ರೊಟ್ಟಿ, ಮ್ಯಾಲ ಬೆಣ್ಣಿ ಮುದ್ದಿ,
ಅಂಬಾದಾಸರ ಹೆಸರ ಹೇಳತೀನಿ..."

ಅಳು ನಿಂತಿತು. ಕಡಿಮೆಯಾಗುತ್ತಾ ಹೋಗಿ ನಿಂತದ್ದಲ್ಲ. ಬಿಕ್ಕಿನ ನಡುವೆಯೇ, ಯಾರೋ ಎತ್ತಿಕೊಂಡ ಕೂಸಿನ ಹಾಗೆ ಸುಮ್ಮನಾಯಿತು. ಗುಂಡಿಯ ಅಂಚಿನಿಂದ ಒಂದಿಷ್ಟು ಮಣ್ಣು ಉದುರಿ ಒಳಗೆ ಬಿತ್ತು.

"...ಎಲ್ಲಾರೂ ಕೇಳ್ರಿ ಸುದ್ದಿ," ಎಂದು ಅವಳು ಮುಗಿಸಿದಳು. ಕೇಳಲು ಅಲ್ಲಿ ಇದ್ದವರು ಮಗಳು ಮತ್ತು ನಾನು.

ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು. "ಬದುಕಿದ್ದವರ ಹೆಸರು ಇಡಂಗಿಲ್ಲ ಅಂದಿದ್ರಿ ಅಲ್ರೀ ಸಾಹೇಬ್ರ?"

"ಹೌದು," ಎಂದೆ.

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಗುಂಡಿಯ ಪಕ್ಕದ ಕಲ್ಲಿಗೆ ಎರಡೂ ಕೈ ಬಡಿದಳು. ಹಸಿರು ಗಾಜಿನ ಚೂರು ಮಣ್ಣಿನ ತುಂಬ ಚೆಲ್ಲಿತು. ಭಾಗ್ಯಾ ಚೀರಿದಳು. ದ್ರೌಪದಿ ಅಳುತ್ತಲೇ ಹೇಳಿದಳು, "ನನ್ನ ಬಿಟ್ಟು ಓಡಿ ಹೋಗಿರ್ಲಿಲ್ರೀ. ಇಲ್ಲೇ ಇದ್ರು." ಆ ಮಾತಿನಲ್ಲಿ ದುಃಖದ ಜೊತೆ ಒಂದು ಹೆಮ್ಮೆಯೂ ಇತ್ತು.

ಮಾರನೆಯ ದಿನ ಹೆಬ್ಬೆಟ್ಟು ಒತ್ತಿ ಅರ್ಜಿ ಕೊಟ್ಟಳು. ಗಾರ್ಡನ್ನಿಗೆ ಅಂಬಾದಾಸನ ಹೆಸರು. ನಾನೇ ಬರೆದುಕೊಟ್ಟೆ. ಆ ಮೂಲೆಯನ್ನು ಇನ್ನೂ ಆಳಕ್ಕೆ ಅಗೆಸಿ ಎಂದು ಲೀಲಾಧರರ ಹತ್ತಿರ ಕೇಳಿಕೊಂಡೆ. ಸದ್ದೇ ನಿಂತಿದೆ, ಇನ್ನೇನು ಅಗೆಯುವುದು ಎಂದು ಅವರು ಗುಂಡಿಗೆ ಕಾಂಕ್ರೀಟು ಹಾಕಿಸಿದರು. ಆ ತೆಗ್ಗು ತುಂಬಿಸಿದ ಹಳೆಯ ಕಂತ್ರಾಟುದಾರನ ವಿಳಾಸ ಯಾರಿಗೂ ತಿಳಿದಿರಲಿಲ್ಲ. ವಾರದ ಮೇಲೆ ಅವಳ ಅರ್ಜಿ ನನ್ನ ಮೇಜಿಗೇ ತಿರುಗಿ ಬಂತು. 'ಮರಣದ ದಾಖಲೆ ಇಲ್ಲ, ತಿರಸ್ಕರಿಸಲಾಗಿದೆ' ಎಂದು ಬರೆಯಬೇಕಾದವನು ನಾನು. ಬರೆದೆ. ಸಂಬಳದ ಮನುಷ್ಯ, ಬರೆಯದೆ ಏನು ಮಾಡುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಸಮಾಧಾನ ಮಾತ್ರ ಆಗಲಿಲ್ಲ.

ಜನವರಿಯಲ್ಲಿ ಉದ್ಘಾಟನೆ. ಪೆಂಡಾಲು, ಮೈಕು, ಮಾಲೆ ಹಾಕಿದ ಫೋಟೋ. ನಗರಸೇವಕರು ಕಲ್ಲಿನ ಮೇಲಿನ ಪರದೆ ಸರಿಸಿ ತಂದೆಯ ಹೆಸರನ್ನು ಮೈಕಿನಲ್ಲಿ ಓದಿದರು. ಗಂಟೆ ನೋಡಿದೆ, ನಾಲ್ಕು. ಚಪ್ಪಾಳೆ ನಿಂತಾಗ ಕಾಂಕ್ರೀಟಿನ ಅಡಿಯಿಂದ ಬಿಕ್ಕು ಕೇಳಿಸಿತು. ಮೈಕಿನವನು ವೈರು ತಡಕಾಡಿದ. ಎರಡನೆಯ ಬಿಕ್ಕಿಗೆ ಮುಂದಿನ ಸಾಲಿನವರು ಎದ್ದುನಿಂತರು.

ಹಿಂದಿನಿಂದ ದ್ರೌಪದಿ ಬಂದಳು. ಬರಿಗೈ, ಬರಿಹಣೆ. ಅಷ್ಟು ಗಂಡಸರ ನಡುವೆ ನಡೆದು ಹೋಗಿ ಕಲ್ಲಿನ ಬುಡದಲ್ಲಿ ಕೂತು ನೆಲದ ಮೇಲೆ ಅಂಗೈ ಇಟ್ಟಳು. ಒಡಪಿಲ್ಲ, ಸೆರಗು ಬಾಯಿಗಿಲ್ಲ.

"ಅಂಬಾದಾಸ," ಎಂದು ಕರೆದಳು.

ಬಿಕ್ಕು ನಿಂತುಹೋಯಿತು. ಸಭೆ ಬೇಗನೆ ಮುಗಿಯಿತು, ಜನ ಪೇಡಾ ಕೂಡ ತೆಗೆದುಕೊಳ್ಳದೆ ಹೊರಟರು. ನಾನು ಅವಳ ಪಕ್ಕ ಹೋಗಿ ಕೂತೆ. ಅರ್ಜಿಯ ವಿಷಯ ಹೇಳಿ ಕ್ಷಮೆ ಕೇಳಬೇಕೆಂದಿದ್ದೆ. ಅವಳಿಗೆ ಅದು ಬೇಕಾಗಿರಲಿಲ್ಲ.

"ಕಲ್ಲಿನ ಮ್ಯಾಲ ಯಾರ ಹೆಸರರ ಇರ್ಲಿ ಬಿಡ್ರೀ. ನಾ ದಿನಾ ಬಂದು ಕರೀತೀನಿ," ಎಂದಳು. ಅಂಗೈಯನ್ನು ನೆಲದಿಂದ ತೆಗೆಯಲಿಲ್ಲ. "ಮುಕಾದಮ ಹೇಳಿದಾಗನ ಕರದಿದ್ರ ಓ ಅಂತಿದ್ರೇನೋ, ಅಲ್ರೀ ಸಾಹೇಬ್ರ?"

ಅವಳು ಎದ್ದು, ಪೊರಕೆ ತಂದು, ಸಭೆಯವರು ಚೆಲ್ಲಿಹೋದ ಹೂವನ್ನು ಗುಡಿಸತೊಡಗಿದಳು.