ಹುಡ್ ಹೊಲಿಯುವ ಜಹಾಂಗೀರ ಆರಿಸಿದ ಕಾರು

ಶಹಾಬಾದದ ಸ್ಟೇಷನ್ ರಸ್ತೆಯಲ್ಲಿ ನನ್ನ ಆಟೋ ನಿಲ್ಲುವ ಜಾಗದ ಎದುರಿಗೇ ಜಹಾಂಗೀರನ ಅಂಗಡಿ. ಆಟೋ, ಟಂಟಂ, ಹಳೇ ಜೀಪು, ಯಾವುದರ ತಲೆ ಮೇಲೆ ಬಟ್ಟೆಯ ಚಾವಣಿ ಇದೆಯೋ ಅದೆಲ್ಲ ಅವನ ಕೈಯಲ್ಲಿ ಹೊಲಿಸಿಕೊಂಡದ್ದೇ. ಆ ಚಾವಣಿಗೆ ನಾವು ಹುಡ್ ಅನ್ನುತ್ತೇವೆ. ಮೊದಲೆಲ್ಲ ಅವನು ಬೀದಿಗೆ ಮುಖ ಮಾಡಿ ಕೂತು, ಹೋಗುವವರನ್ನು ಕರೆದು ಕಾಡಿಸುತ್ತ ಹೊಲಿಯುತ್ತಿದ್ದ. ಈಗ ಮಷಿನ್ನು ತಿರುಗಿಸಿಟ್ಟಿದ್ದಾನೆ. ಬೀದಿಗೆ ಬೆನ್ನು, ಗೋಡೆಗೆ ಮುಖ. ಯಾಕೋ ಅಂದರೆ "ಬೆಳಕು ಈ ಕಡೆ ಛಲೋ ಬೀಳ್ತದ" ಅನ್ನುತ್ತಾನೆ. ಆ ಗೋಡೆಗೆ ಕಿಟಕಿಯೇ ಇಲ್ಲ.

ಅವನ ಕೆಲಸ ಗುರುತು ಹಿಡಿಯುವುದು ಸುಲಭ. ಕಪ್ಪು ರೆಕ್ಸಿನ್, ಕೆಂಪು ಅಂಚು, ಹಳದಿ ದಾರದ ಜೋಡಿ ಹೊಲಿಗೆ. ಮೂಲೆಮೂಲೆಗೂ ಶಂಕರಪಾಳಿ ತಿಂಡಿಯ ಹಾಗೆ ವಜ್ರದ ಆಕಾರದ ಒಂದು ಸಣ್ಣ ಹೊಲಿಗೆ. ಅದು ಯಾವ ಉಪಯೋಗಕ್ಕೂ ಅಲ್ಲ, ಬರೀ ಗತ್ತಿಗೆ. ವಾಡಿಯಲ್ಲಿ, ಸೇಡಂನಲ್ಲಿ ಎಲ್ಲಿ ಆಟೋ ನಿಲ್ಲಿಸಿದರೂ ಆ ಶಂಕರಪಾಳಿ ನೋಡಿ "ಜಹಾಂಗೀರಂದು" ಅಂದುಬಿಡುತ್ತಿದ್ದರು.

ಇಂಥವನಿಗೆ ಒಂದು ಕೀಳರಿಮೆ ಇತ್ತು ಅಂದರೆ ನಂಬುತ್ತೀರಾ? ನನಗೂ ಗೊತ್ತಿರಲಿಲ್ಲ. ಅವನ ಅಕ್ಕ ಹಮೀದಾಬೇಗಂಳ ಮಗ ಕಲೀಮ್‌ನ ಲಗ್ನ ಚಿತ್ತಾಪುರದ ದೊಡ್ಡ ಮನೆತನದ ಹುಡುಗಿಯ ಜೊತೆ ಗಟ್ಟಿಯಾಯಿತು. ಮಾತುಕತೆಯ ದಿನ ಹುಡುಗಿಯ ಚಾಚಾ ಅಮೀರ್ ಅಲಿ ಸಾಹೇಬರು "ಮಾಮು ಏನ್ ಮಾಡ್ತಾರ?" ಅಂತ ಕೇಳಿದರಂತೆ. ಇವನು "ಮೋಟಾರ್ ಬಾಡಿ ಲೈನ್" ಅಂದನಂತೆ. ಹುಡ್ ಹೊಲಿಯುತ್ತೇನೆ ಅನ್ನಲು ನಾಲಿಗೆ ಹೊರಳಲಿಲ್ಲ.

ಕಲೀಮ್‌ಗೆ ಒಂದೇ ಆಸೆ, ಬರಾತಿನ ಮೆರವಣಿಗೆಗೆ ಮೇಲ್ಭಾಗ ತೆರೆಯುವ ಕಾರು ಬೇಕು. ಹೈದರಾಬಾದಿನ ಬಾಡಿಗೆಯವನು ಎರಡು ಫೋಟೋ ಕಳಿಸಿದ. ಎರಡೂ ಕೆಂಪು ಕಾರು, ಎರಡೂ ಎರಡೇ ಬಾಗಿಲಿನವು. ಒಂದಕ್ಕೆ ಬಟ್ಟೆಯ ಚಾವಣಿ. ಇನ್ನೊಂದಕ್ಕೆ ತಗಡಿನದು, ಗುಂಡಿ ಒತ್ತಿದರೆ ತಾನೇ ಎದ್ದು, ಮಡಚಿಕೊಂಡು, ಹಿಂದಿನ ಡಿಕ್ಕಿಯೊಳಗೆ ಮಲಗುತ್ತದೆ. ಕಲೀಮ್ ಅಂಗಡಿಗೆ ಬಂದು, "ಮಾಮು, ಟಾಪಿನ ಕೆಲಸ ನಿಮಗ ಗೊತ್ತಿದ್ದಂಗ ಯಾರಿಗೂ ಗೊತ್ತಿಲ್ಲ. ನೀವೇ ಹೇಳ್ರಿ" ಅಂದ.

ಒಂದು ವಾರ ಎದುರಿನ ಚಹಾದಂಗಡಿಯಲ್ಲಿ ಇದೇ ಜಗಳ. ನಮ್ಮ ಆಟೋದವರಲ್ಲಿ ಅರ್ಧ ಜನ ತಗಡಿನ ಕಡೆ. ಮುಚ್ಚಿದರೆ ಮನೆ ಇದ್ದಂಗ, ವಾಡಿ ರಸ್ತೆಯ ಸಿಮೆಂಟಿನ ಧೂಳು ಒಳಗೆ ಬರುವುದಿಲ್ಲ, ಯಾರೂ ಚಾಕು ಹಾಕಿ ಹರಿಯುವುದಿಲ್ಲ. ನಾನು ಬಟ್ಟೆಯ ಕಡೆ. ಹಗುರ, ಮಡಚಿದರೆ ಜಾಗ ಕಡಿಮೆ, ಹರಿದರೆ ಹೊಲಿಯಬಹುದು. ತಗಡಿನದಕ್ಕೆ ಅಷ್ಟು ಕೀಲು, ಅಷ್ಟು ಪಂಪು, ಒಂದು ಮುನಿಸಿಕೊಂಡರೆ ಎಲ್ಲವೂ ಮುನಿಸಿಕೊಳ್ಳುತ್ತವೆ. ನನ್ನ ಪರವಾಗಿ ಜಹಾಂಗೀರ ಮಾತಾಡುತ್ತಾನೆ ಅಂತ ನೋಡಿದೆ. ಅಂಗಡಿಯಲ್ಲಿ ಕೂತ ಅವನ ತೊಡೆಯ ಮೇಲೆ ನನ್ನದೇ ಹುಡ್ ಇತ್ತು, ಕೈಯಲ್ಲಿ ಸೂಜಿ ಇತ್ತು.

"ಬಟ್ಟಿದು ಬ್ಯಾಡ," ಅಂದ. "ಹೈದರಾಬಾದದಿಂದ ಆಟೋ ತರಿಸ್ಯಾರ ಅಂತಾರ ಚಿತ್ತಾಪುರದ ಮಂದಿ. ಕಲೀಮ್‌ಗೆ ತಗಡಿಂದೇ ಹೇಳ್ತೀನಿ."

ನನಗೆ ಸಿಟ್ಟು ನೆತ್ತಿಗೇರಿತು. ತನ್ನ ಮೊಸರು ಹುಳಿ ಅಂತ ಯಾರೂ ಅನ್ನುವುದಿಲ್ಲ, ಇವನು ಬೀದಿಗೆಲ್ಲ ಕೇಳುವಂತೆ ಅಂದ. "ಹಂಗಾದ್ರ ನಾ ಏನ್ ಬಟ್ಟಿ ಹೊತ್ಕೊಂಡು ತಿರುಗಾಕತ್ತೀನೋ?" ಅಂದೆ. ಅವನು ಸೂಜಿಗೆ ದಾರ ಪೋಣಿಸತೊಡಗಿದ.

ಲಗ್ನದ ದಿನ ಕಾರು ಬಂತು. ಓಡಿಸುವವನು ಸಾಯಿಕುಮಾರ, ತಾಂಡೂರಿನ ಕಡೆಯವನು, ಎರಡು ಮಕ್ಕಳ ತಂದೆ. ಹಮೀದಾಬೇಗಂಳ ಮನೆ ಮುಂದೆ ಗುಂಡಿ ಒತ್ತಿ ತೋರಿಸಿದ. ಡಿಕ್ಕಿ ಹಿಂದುಮುಂದಾಗಿ ಬಾಯಿ ತೆರೆಯಿತು, ಚಾವಣಿ ಆಕಾಶಕ್ಕೆ ಎದ್ದು, ಗಾಜು ಸಮೇತ ಮಡಚಿಕೊಂಡು, ಒಳಗಿಳಿದು ಮಲಗಿತು. ಓಣಿಗೆ ಓಣಿಯೇ ಚಪ್ಪಾಳೆ ಹೊಡೆಯಿತು. ಜಹಾಂಗೀರ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ಸಾಯಿಕುಮಾರ ಚಾವಣಿ ಮತ್ತೆ ಮುಚ್ಚಿ, ಡಿಕ್ಕಿಯೊಳಗಿನ ಒಂದು ಪರದೆ ತೋರಿಸಿದ. ಅದನ್ನು ಎಳೆದು ಕೊಂಡಿಗೆ ಸಿಕ್ಕಿಸಬೇಕು, ಸಾಮಾನು ಏನಿದ್ದರೂ ಅದರ ಕೆಳಗೆ, ಮೇಲಿನ ಜಾಗ ಚಾವಣಿಗೆ. "ಪರದಾ ಮ್ಯಾಲ ಏಮೀ ಇಡಬ್ಯಾಡ್ರಿ ಅಣ್ಣಾ. ಅಗ್ಗಿಪೆಟ್ಟಿನೂ ಬ್ಯಾಡ," ಅಂತ ತೆಲುಗು ಕನ್ನಡ ಕಲಸಿ, ಜಹಾಂಗೀರನಿಗೇ ಹೇಳಿದ. ಟಾಪಿನ ಮನುಷ್ಯ ಅಂತ ಅವನಿಗೆ ಪರಿಚಯ ಮಾಡಿಸಿದ್ದರಲ್ಲ. ಜಹಾಂಗೀರ "ನಮಗ ಹೇಳಾಕತ್ತೀ ಏನಪಾ?" ಅಂತ ನಕ್ಕ.

ಈಗ ನಮ್ಮೂರಿನ ಒಂದು ಚಾಳಿ ಹೇಳಬೇಕು. ಶಹಾಬಾದದ ಗಾಡಿ ಯಾವುದೇ ಇರಲಿ, ಒಳಗೆ ಒಂದು ಫರಸಿ ಕಲ್ಲಿನ ತುಂಡು ಇದ್ದೇ ಇರುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದರೆ ಗಾಲಿಗೆ ಅಡ್ಡ ಕೊಡಲಿಕ್ಕೆ. ಖಣಿಯ ದಾರಿಯಲ್ಲಿ ಕಲ್ಲು ಹೇರಿದ ಲಾರಿ ಹಿಂದೆ ಜಾರಿದ್ದನ್ನು ಕಂಡವರು ನಾವು, ಹ್ಯಾಂಡ್‌ಬ್ರೇಕ್ ಅಂದರೆ ನಮಗೆ ನಗು. ಚಿತ್ತಾಪುರದ ಬೀಗರ ಓಣಿ ಇಳಿಜಾರು. ಇಂಥ ಕಾರು ಕಲ್ಲಿಲ್ಲದೆ ಹೊರಡುವುದು ಜಹಾಂಗೀರನ ಮನಸ್ಸಿಗೆ ಒಪ್ಪಲಿಲ್ಲ. ಸಾಯಿಕುಮಾರ ಊಟಕ್ಕೆ ಕೂತಾಗ ಇವನು ತನ್ನ ಅಂಗಡಿಯಿಂದ ಒಂದು ತುಂಡು ತಂದ. ಬಣ್ಣ ಗೀಚಬಾರದು ಅಂತ ಅದಕ್ಕೆ ರೆಕ್ಸಿನ್ನಿನ ಗವಸು ಬೇರೆ ಹೊಲಿದಿದ್ದ. ಪರದೆಯ ಕೆಳಗೆ ಹಮೀದಾಬೇಗಂಳ ಚೀಲಗಳು ಬಿಗಿದು ತುಂಬಿದ್ದವು. ಮೂರು ಬೆರಳು ದಪ್ಪದ ಕಲ್ಲು, ಅದೇನು ಮಾಡೀತು ಅಂತ ಪರದೆಯ ಮೇಲೆಯೇ ಇಟ್ಟು ಡಿಕ್ಕಿ ಮುಚ್ಚಿದ.

ಜನ್ಮವೆಲ್ಲ ಬಟ್ಟೆ ಮಡಚಿದ ಕೈ ಅದು. ಬಟ್ಟೆ ಮೂರು ಬೆರಳು ಏನು, ಒಂದು ಗೇಣು ಅಡ್ಡಿ ಬಂದರೂ ಸುಕ್ಕಾಗಿ ಜಾಗ ಕೊಡುತ್ತದೆ. ತಗಡನ್ನು ಆರಿಸಿದವನು ಲೆಕ್ಕ ಹಾಕಿದ್ದು ಮಾತ್ರ ಬಟ್ಟೆಯದು. ಇದನ್ನೆಲ್ಲ ಅವನೇ ಆಮೇಲೆ ನನಗೆ ಹೇಳಿದ. ಆ ದಿನ ನನಗೇನೂ ಗೊತ್ತಿರಲಿಲ್ಲ.

ವಾಡಿಯ ಧೂಳಿಗೆ ಹೆದರಿ ಚಾವಣಿ ಮುಚ್ಚಿಯೇ ಚಿತ್ತಾಪುರ ಮುಟ್ಟಿದರು. ಹಿಂದೆ ನನ್ನ ಆಟೋದಲ್ಲಿ ಹೆಣ್ಣುಮಕ್ಕಳು. ಬೀಗರ ಓಣಿಯ ಬಾಯಲ್ಲಿ ಬ್ಯಾಂಡಿನವರು ಸಿದ್ಧರಾಗಿದ್ದರು, ಎಲ್ಲರ ಕೈಯಲ್ಲೂ ಮೊಬೈಲು. ಸಾಯಿಕುಮಾರ ಗುಂಡಿ ಒತ್ತಿದ. ಚಾವಣಿ ಎದ್ದಿತು, ಮಡಚಿತು, ಇಳಿಯಿತು. ಟಕ್ ಅಂತ ಶಬ್ದ. ಹಿಂದಿನ ಗಾಜು ಒಡೆದು ಜೇಡರ ಬಲೆಯಾಯಿತು. ಚಾವಣಿ ಕೆಳಗೂ ಇಳಿಯಲಿಲ್ಲ, ಮೇಲೂ ಏಳಲಿಲ್ಲ. ಡಿಕ್ಕಿ ಬಾಯಿ ತೆರೆದುಕೊಂಡೇ ನಿಂತಿತು. ಹೂವಿನ ಸೆಹರಾ ಕಟ್ಟಿಕೊಂಡ ಮದುಮಗ ಅರ್ಧಕ್ಕೆ ನಿಂತ ಚಾವಣಿಯ ಕೆಳಗೆ ಕುತ್ತಿಗೆ ತಗ್ಗಿಸಿ ಕೂತಿದ್ದ. ಬ್ಯಾಂಡಿನವನೊಬ್ಬ ನಕ್ಕ.

ಕಲೀಮ್‌ನನ್ನು ಹೊರಗೆಳೆದರು. ಬೇರೆ ದಾರಿ ಕಾಣದೆ ನನ್ನ ಆಟೋ ತಂದೆವು. ಹುಡ್ಡಿನ ಪಟ್ಟಿ ಬಿಚ್ಚಿ, ರೆಕ್ಸಿನ್ನನ್ನು ಹಿಂದಕ್ಕೆ ಸುತ್ತಿ ಕಟ್ಟಿದೆ, ಚಾಪೆ ಸುತ್ತಿದಷ್ಟೇ ಸಲೀಸು. ಮದುಮಗ ಕಂಬಿ ಹಿಡಿದು ನಿಂತ, ಮಂದಿ ಹೂ ಎರಚಿದರು. ಚಿತ್ತಾಪುರದವರಿಗೆ ಇದೇ ಭಾಳ ಸೇರಿತು.

ಆದರೆ ಕಾರಿನ ಹತ್ತಿರ ಬೇರೆ ನಡೆದಿತ್ತು. ಡಿಕ್ಕಿಯಿಂದ ಸಾಯಿಕುಮಾರ ಆ ಗವಸಿನ ಕಲ್ಲು ತೆಗೆದ. ಯಾರು ಇಟ್ಟದ್ದು ಅಂತ ಕೇಳಿದ, ಯಾರೂ ಬಾಯಿ ಬಿಡಲಿಲ್ಲ. ಫೋನಿನಲ್ಲಿ ಮಾಲೀಕನ ಕೂಗು ಪಕ್ಕದವರಿಗೂ ಕೇಳುತ್ತಿತ್ತು. ತಪ್ಪು ನಿನ್ನದೇ, ಬೀಗದ ಕೈ ಇಟ್ಟು ಮನೆಗೆ ಹೋಗು, ನಾಳೆಯಿಂದ ಬರಬೇಡ ಅಂತ. ಸಾಯಿಕುಮಾರ "ಸಾರ್, ನೇನು ಕಾದು ಸಾರ್", ನಾನಲ್ಲ ಸಾರ್, ಅನ್ನುತ್ತಲೇ ಇದ್ದ. ಜಹಾಂಗೀರ ನಾಲ್ಕು ಹೆಜ್ಜೆ ದೂರ, ಗೋಡೆಗೆ ಒರಗಿ, ಕರವಸ್ತ್ರದಿಂದ ಮುಖ ಒರೆಸುತ್ತ ನಿಂತಿದ್ದ. ಎಲ್ಲ ಕೇಳಿಸಿಕೊಂಡ.

ಆಗ ಅಮೀರ್ ಅಲಿ ಸಾಹೇಬರು ನನ್ನ ಆಟೋದ ಹತ್ತಿರ ಬಂದು ಹುಡ್ ಮುಟ್ಟಿ ನೋಡಿದರು. "ಏನ್ ಹೊಲಿಗಿ ರೀ ಇದು! ಆ ಕಾರಿನ ತಗಡಿಗಿಂತ ಇದು ಛಲೋ ಅದ. ಯಾರ್ ಹೊಲಿದಾರ?"

ನಾನು ಇದಕ್ಕೇ ಕಾದಿದ್ದೆ. ಅವತ್ತಿನ ಸಿಟ್ಟು ಒಳಗೆ ಇನ್ನೂ ಇತ್ತಲ್ಲ, ಅಷ್ಟೂ ಪ್ರೀತಿಯಾಗಿ ಹೊರಗೆ ಬಂತು. ಇಡೀ ಓಣಿಗೆ ಕೇಳುವಂತೆ, "ನಮ್ಮ ಜಹಾಂಗೀರ್ರೀ! ಮದುಮಗನ ಮಾಮು! ಇಲ್ಲಿ ನೋಡ್ರಿ, ಹಳದಿ ದಾರ, ಜೋಡಿ ಹೊಲಿಗಿ, ಮೂಲಿಗೆ ಶಂಕರಪಾಳಿ. ಈ ಭಾಗದಾಗ ಹಿಂಗ ಹೊಲಿಯಾಂವ ಇಂವೊಬ್ಬನೇ!" ಅಂದೆ.

ಎಲ್ಲರೂ ನೋಡಿದರು. ಸಾಯಿಕುಮಾರನೂ ನೋಡಿದ. ಹುಡ್ಡಿನ ಮೂಲೆ ನೋಡಿದ, ಆಮೇಲೆ ತನ್ನ ಕೈಯಲ್ಲಿದ್ದ ಕಲ್ಲಿನ ಗವಸು ನೋಡಿದ. ಹಳದಿ ದಾರ, ಜೋಡಿ ಹೊಲಿಗೆ, ಮೂಲೆಗೆ ಶಂಕರಪಾಳಿ.

ಅವನು ಕೂಗಾಡಲಿಲ್ಲ. ಜಹಾಂಗೀರನ ಮುಖ ನೋಡಿದ, ಅಷ್ಟೇ. ಅವನೇನಾದರೂ ಬೈದಿದ್ದರೆ ಜಹಾಂಗೀರ ತಿರುಗಿ ಬೈದು ಉಳಿದುಕೊಳ್ಳುತ್ತಿದ್ದನೇನೋ. ನನಗೆ ಆಗ ತಿಳಿಯಿತು, ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಹೊಗಳಿಕೆಯಿಂದಲೇ ಅವನನ್ನು ಕಟ್ಟಿಹಾಕಿದ್ದೆ.

ಜಹಾಂಗೀರ ಗೋಡೆ ಬಿಟ್ಟು ಬಂದ. ಸಾಯಿಕುಮಾರನ ಕೈಯಿಂದ ಕಲ್ಲು ತೆಗೆದುಕೊಂಡು, ಅಮೀರ್ ಅಲಿ ಸಾಹೇಬರಿಗೆ ಕಾಣುವಂತೆ ಹಿಡಿದ.

"ಇದೂ ನಾನೇ ಹೊಲಿದದ್ದು," ಅಂದ. "ಬ್ಯಾಡ ಅಂದಿದ್ದ ಇಂವ. ಕೇಳಿಲ್ಲ ನಾ. ಇಟ್ಟಾಂವ ನಾನೇ." ಆಮೇಲೆ ಸಾಯಿಕುಮಾರನಿಗೆ, "ಫೋನ್ ಕೊಡಪಾ, ನಿನ್ನ ಸೇಠ್‌ಗೂ ಹೇಳ್ತೀನಿ."

ಹಮೀದಾಬೇಗಂ ಸೆರಗನ್ನು ಬಾಯಿಗೆ ಒತ್ತಿಕೊಂಡು ಬೇರೆ ಕಡೆ ತಿರುಗಿದಳು. ಅಮೀರ್ ಅಲಿ ಸಾಹೇಬರು ಹುಡ್ಡಿನ ಮೇಲಿಟ್ಟ ಕೈ ಮೆಲ್ಲಗೆ ತೆಗೆದರು. ಜಹಾಂಗೀರ ಫೋನಿನಲ್ಲಿ ಉರ್ದುವಿನಲ್ಲಿ ಎಲ್ಲ ಹೇಳಿದ, ಒಂದನ್ನೂ ಮುಚ್ಚಿಡದೆ. ಸಾಯಿಕುಮಾರನ ಕೆಲಸ ಉಳಿಯಿತು. "ಮಾಮು, ಬರ್ರಿ, ಆಟೋದಾಗ ಕುಂದ್ರಿ" ಅಂತ ಕಲೀಮ್ ಕರೆದ. ಅವನು ಹತ್ತಲಿಲ್ಲ. ಕಲ್ಲು ಹಿಡಿದುಕೊಂಡು ಬರಾತಿನ ಹಿಂದೆ ನಡೆದು ಬಂದ.

ಮೊನ್ನೆ ನನ್ನ ಹುಡ್ ಬದಲಿಸಲು ಕೊಟ್ಟೆ. ಹೊಸದರ ಹೊಲಿಗೆ ಎಂದಿನಂತೆಯೇ ಇತ್ತು, ಮೂಲೆಗಳು ಮಾತ್ರ ಬೋಳು.

"ಶಂಕರಪಾಳಿ ಮರ್ತಿ ನೋಡು," ಅಂದೆ.

"ಮರ್ತಿಲ್ಲ."

"ಹಂಗಾದ್ರ ಯಾರ್ ಹೊಲಿದದ್ದು ಅಂತ ಮಂದಿ ಕೇಳಿದರ ಏನ್ ಹೇಳ್ಲಿ? ನಿನ್ನ ಹೆಸರೇ ಹೇಳ್ತೀನಿ."

ಅವನು ಗೋಡೆಯ ಕಡೆಯಿಂದ ತಿರುಗಲಿಲ್ಲ. "ಹೇಳು ಚಂದ್ರಾಮ. ಆದ್ರ ನನ್ನ ಹೆಸರು ಹೇಳಿದ್ರ, ಕಲ್ಲಿಂದೂ ಹೇಳಬೇಕು," ಅಂದ.

ಅದಕ್ಕೇ ಹೇಳಿದೆ.